ಮೂವತ್ತೊಂದನೇ ನಿಮಿಷದ ಮಾತು

ಮಾರ್ಚ್ 6, 1994

ನಿರ್ದೇಶಕಿಯವರಿಗೆ ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ. ನಾನು ಮಾತ್ರ ಹತ್ತು ದಿನದಿಂದ ನಿಮ್ಮ ‘ಏಳನೇ ಸಾಲು’ ಚಿತ್ರದ ಎದುರು ಬೆಳಿಗ್ಗೆಯಿಂದ ಸಂಜೆವರೆಗೆ ಕೂತಿದ್ದೇನೆ. ಜೂನ್‌ನಲ್ಲಿ ಇಲ್ಲಿ ನಡೆಯುವ ಉತ್ತಮ ಟೆಲಿವಿಷನ್ ಕಾರ್ಯಕ್ರಮಗಳ ಅಂತರರಾಷ್ಟ್ರೀಯ ಉತ್ಸವಕ್ಕೆ ಬಂದಿರುವ ನಾನೂರು ಕ್ಯಾಸೆಟ್ಟುಗಳಲ್ಲಿ ನಮ್ಮ ಭಾಷೆಯದು ನಿಮ್ಮದೊಂದೇ. ಈ ಊರಿಗೆ ಬಂದು ಇಪ್ಪತ್ತಾರು ವರ್ಷವಾದ ನಾನು, ಅದಕ್ಕೆ ಸಬ್‌ಟೈಟಲ್ ಬರೆಯಲು ಉತ್ಸವದವರ ಕೈಗೆ ಸಿಕ್ಕವಳು.

ಚಿತ್ರ ನೋಡಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಬಟ್ಟೆ ಹೊಲಿಯುವ ಕಾರ್ಖಾನೆಗೆ ಬೆಂಕಿ ಬಿದ್ದು ಹನ್ನೊಂದು ವರ್ಷವಾದ ಮೇಲೆ ಬದುಕಿ ಉಳಿದ ಹೆಂಗಸರನ್ನು ಹುಡುಕಿಕೊಂಡು ಹೋಗಿದ್ದೀರಿ. ಹಿಂಬಾಗಿಲ ಪಕ್ಕದ ಏಳನೇ ಸಾಲಿನವರು ಒಂಬತ್ತು ಜನ, ಆ ಬಾಗಿಲಿಗೆ ಬೀಗ ಇತ್ತೆಂದು ಸತ್ತರು. ಬೀಗ ಹಾಕಿದವನೆಂದು ಗೇಟಿನ ಕಾವಲುಗಾರ ನಾಲ್ಕು ವರ್ಷ ಜೈಲಿನಲ್ಲಿದ್ದ. ಇಷ್ಟನ್ನು ನೀವು ಒಂದು ತೊಟ್ಟು ಕಣ್ಣೀರು ತೋರಿಸದೆ ಹೇಳಿದ್ದೀರಿ. ಅದೇ ನನ್ನನ್ನು ಅಳಿಸಿತು.

ಈಗ ಕೆಲಸದ ಮಾತು. ಒಬ್ಬಾಕೆ “ಕರುಳು ಚುರುಕ್ ಅಂತು” ಅನ್ನುತ್ತಾಳೆ. ಇಲ್ಲಿಯವರಿಗೆ ಕರುಳು ಎಂದರೆ ಆಸ್ಪತ್ರೆಯೇ ನೆನಪಾಗುವುದು. ಅದನ್ನು ಎದೆಗೆ ಸಾಗಿಸಿದ್ದೇನೆ, ಬೇಸರ ಬೇಡ. ಇನ್ನೊಬ್ಬಾಕೆ ಹೇಳುವ “ಓವರ್‌ಟೈಮ್ ಅಕ್ಕ” ಯಾರು?

ಕೊನೆಯದು. ಮೂವತ್ತೊಂದನೇ ನಿಮಿಷದಲ್ಲಿ, ಕೈ ಸುಟ್ಟ ಟೈಲರ್ ಹೆಂಗಸು ಬಟಾಣಿ ಸುಲಿಯುತ್ತಾ ಮಾತಾಡುವಾಗ, ಒಳಗಿನ ಕೋಣೆಯಿಂದ ವಯಸ್ಸಾದ ಹೆಂಗಸೊಬ್ಬರ ದನಿ ಬರುತ್ತದೆ. “ಬೀಗ ಹಾಕಿದ್ದು ನಾನು. ಅವನಲ್ಲ.” ನೀವು ಕಳಿಸಿದ ಸಂಭಾಷಣೆಯ ಪಟ್ಟಿಯಲ್ಲಿ ಈ ಮಾತಿಲ್ಲ. ಕಿವಿಗೆ ಬೀಳುವ ಪ್ರತಿಯೊಂದು ಮಾತಿಗೂ ಸಬ್‌ಟೈಟಲ್ ಇರಬೇಕೆಂಬುದು ಇಲ್ಲಿಯ ನಿಯಮ. ನಾನು ಕೇಳಿಸಿಕೊಂಡದ್ದು ಸರಿಯೇ, ದಯವಿಟ್ಟು ತಿಳಿಸಿ. ಏಪ್ರಿಲ್ 25ರವರೆಗೆ ಸಮಯವಿದೆ.

ಇತಿ,
ಸಬ್‌ಟೈಟಲ್ ಬರೆಯುವವಳು


ಮಾರ್ಚ್ 16, 1994

ಮೇಡಂ,

ನಿಮ್ಮ ಪತ್ರ ಸಿಕ್ಕಿ ಸಂತೋಷವಾಯಿತು. ಕರುಳು ಎಲ್ಲಿಗೆ ಬೇಕಾದರೂ ಹೋಗಲಿ. ‘ಓವರ್‌ಟೈಮ್ ಅಕ್ಕ’ ಎಂದರೆ ಯಾರೂ ಅಲ್ಲ, ಕೆಲಸ ಮುಗಿದ ಮೇಲೂ ಉಳಿಸಿಕೊಳ್ಳುವ ಮೇಲ್ವಿಚಾರಕಿಗೆ ಹೆಂಗಸರು ಇಟ್ಟ ಅಡ್ಡಹೆಸರು.

ಕೊನೆಯ ಪ್ರಶ್ನೆ: ಅದು ಪಕ್ಕದ ಮನೆಯ ರೇಡಿಯೋ. ಯಾವುದೋ ನಾಟಕ ಬರುತ್ತಿತ್ತು. ಬಿಟ್ಟುಬಿಡಿ.

ನಮ್ಮ ಟಿ.ವಿ. ಕೇಂದ್ರದಿಂದ ಇಂಥ ಉತ್ಸವಕ್ಕೆ ಹೋಗುತ್ತಿರುವ ಮೊದಲ ಕಾರ್ಯಕ್ರಮ ಇದು. ಮುಖ್ಯಸ್ಥರು ದಿನಕ್ಕೆರಡು ಸಲ ನನ್ನ ಮೇಜಿನ ಹತ್ತಿರ ಬಂದು, “ಏನಮ್ಮಾ, ಅಲ್ಲಿಂದ ಏನಾದ್ರೂ ಸುದ್ದಿ?” ಎನ್ನುತ್ತಾರೆ. ಬಹುಮಾನ ಬಂದರೆ ಸಾಕ್ಷ್ಯಚಿತ್ರ ವಿಭಾಗ ಉಳಿಯುತ್ತದೆ, ಬರದಿದ್ದರೆ ನಮ್ಮನ್ನೆಲ್ಲ ಹವಾಮಾನ ವರದಿಗೆ ಹಾಕುತ್ತಾರೆ ಎಂದು ಎಡಿಟಿಂಗ್ ಕೋಣೆಯಲ್ಲಿ ತಮಾಷೆ ಮಾಡುತ್ತಾರೆ. ಯಾರೂ ನಗುವುದಿಲ್ಲ. ಅಮ್ಮ ಆಗಲೇ ನನ್ನ ಸೂಟ್‌ಕೇಸ್ ಇಳಿಸಿ ಬಿಸಿಲಿಗಿಟ್ಟಿದ್ದಾಳೆ. ನಾನು ಇನ್ನೂ ಟಿಕೆಟ್ ಮಾಡಿಸಿಲ್ಲ.

ಇತಿ,
ನಿರ್ದೇಶಕಿ


ಮಾರ್ಚ್ 25, 1994

ನಿರ್ದೇಶಕಿಯವರೇ,

ಪತ್ರ ಬಂದಿತು. ತಪ್ಪು ತಿಳಿಯಬೇಡಿ, ಆದರೆ ಆ ರೇಡಿಯೋ ನನ್ನನ್ನು ಬಿಡುತ್ತಿಲ್ಲ.

ಆ ಮಾತು ಮುಗಿದ ತಕ್ಷಣ ನಿಮ್ಮ ಟೈಲರ್ ಹೆಂಗಸಿನ ಕೈ ನಿಲ್ಲುತ್ತದೆ. ಬಾಗಿಲ ಕಡೆ ಕತ್ತು ತಿರುಗಿಸಿ ಏನೋ ಅನ್ನುತ್ತಾಳೆ. ನಿಮ್ಮ ಪಟ್ಟಿಯಲ್ಲಿ “ಸುಮ್ನಿರು (ಮಗುವಿಗೆ)” ಎಂದಿದೆ. ಆ ಮನೆಯಲ್ಲಿ ಮಗು ಎಲ್ಲೂ ಕಾಣಲಿಲ್ಲ. ಆಕೆ ಹೇಳುವುದು “ಸುಮ್ನಿರಿ ದೊಡ್ಡಮ್ಮ” ಎಂದು. ನಮ್ಮ ಅಜ್ಜಿಯೂ ರೇಡಿಯೋ ನಾಟಕದವರ ಜೊತೆ ಜಗಳ ಆಡುತ್ತಿದ್ದಳು. ಆದರೆ ಒಬ್ಬರಿಗೂ ಬಹುವಚನ ಹಚ್ಚುತ್ತಿರಲಿಲ್ಲ.

ನಾನು ಪತ್ತೇದಾರಿಕೆಗೆ ಹೊರಟವಳಲ್ಲ. ಆದರೆ “ಅವನಲ್ಲ” ಎಂಬ ಮಾತನ್ನು ಬರೆದು ಎರಡು ಸಲ ಅಳಿಸಿದೆ. ‘ಅವನು’ ಎಂದರೆ ಜೈಲಿಗೆ ಹೋದ ಕಾವಲುಗಾರನೇ? ಹಾಗಿದ್ದರೆ ಒಳಕೋಣೆಯಲ್ಲಿ ಮಾತಾಡಿದವರು ಯಾರು?

ಬೇಗ ಬರೆಯಿರಿ. ಪತ್ರಕ್ಕಾಗಿ ದಿನಾ ಕೆಳಗಿನ ಪೆಟ್ಟಿಗೆ ನೋಡಿಬರುತ್ತಿದ್ದೇನೆ. ಆರನೇ ಮಹಡಿ, ಲಿಫ್ಟ್ ಕೆಟ್ಟಿದೆ.

ಸಬ್‌ಟೈಟಲ್‌ನವಳು


ಏಪ್ರಿಲ್ 6, 1994

ಮೇಡಂ,

ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ಕ್ಷಮಿಸಿ. ಕೆಲಸ ಹೆಚ್ಚಿತ್ತು. ಅಮ್ಮನಿಗೂ ಹುಷಾರಿರಲಿಲ್ಲ.

ಸ್ಪಷ್ಟವಾಗಿ ಹೇಳಬೇಕಾಗಿ ಬಂದಿದೆ. ಅಲ್ಲಿ ಮಾತಾಡಿದ್ದು ಆ ಮನೆಗೆ ಬಂದುಹೋಗುವ ಒಬ್ಬ ಮುದುಕಿ. ತಲೆ ಸರಿಯಿಲ್ಲ. ಏನೇನೋ ಅನ್ನುತ್ತಿರುತ್ತಾಳೆ. ಅವಳು ಹಾಕಿದ್ದು ಅಂದಳೋ, ಹಾಕ್ಸಿದ್ದು ಅಂದಳೋ ಅದೂ ಗೊತ್ತಾಗುವುದಿಲ್ಲ. ಸರಿಯಾಗಿ ಆ ಅಕ್ಷರದ ಮೇಲೇ ಬಟಾಣಿ ಕಾಳು ಪಾತ್ರೆಗೆ ಬೀಳುತ್ತದೆ. ಇಂಥದ್ದನ್ನು ಹೊರದೇಶದ ತೀರ್ಪುಗಾರರ ಮುಂದೆ ಅಕ್ಷರದಲ್ಲಿ ಹಾಕುವುದು ನ್ಯಾಯವೇ?

ಆ ಜಾಗದ ಧ್ವನಿ ತಗ್ಗಿಸಿದ ಹೊಸ ಕ್ಯಾಸೆಟ್ ಕಳಿಸುತ್ತಿದ್ದೇನೆ. ಹಳೆಯದನ್ನು ವಾಪಸ್ ಮಾಡಿ. ಪಟ್ಟಿಯಲ್ಲಿ ಏನಿದೆಯೋ ಅಷ್ಟನ್ನೇ ಬರೆಯಬೇಕೆಂದು ವಿನಂತಿ. ನಿಮ್ಮ ಕೆಲಸ ಅಷ್ಟೇ ಎಂದು ನನ್ನ ತಿಳಿವಳಿಕೆ.

ನಿರ್ದೇಶಕಿ


ಏಪ್ರಿಲ್ 11, 1994

ನಿರ್ದೇಶಕಿಯವರೇ,

ನಿಮ್ಮಿಂದ ಹದಿನೇಳು ದಿನ ಸುದ್ದಿಯಿಲ್ಲ. ಈ ನಡುವೆ ಇಲ್ಲಿ ಒಂದು ಎಡವಟ್ಟಾಯಿತು. ತೀರ್ಪುಗಾರರಿಗೆ ಪ್ರತಿಗಳನ್ನು ಮೊದಲೇ ಹಂಚಬೇಕೆಂದು ಉತ್ಸವದ ಕಚೇರಿಯವರು ಗಡುವನ್ನು ಎರಡು ವಾರ ಹಿಂದಕ್ಕೆ ತಂದರು. ಮೊನ್ನೆ ಶುಕ್ರವಾರ ಅವರ ಗುಮಾಸ್ತೆ ನನ್ನ ಕುರ್ಚಿಯ ಹಿಂದೆಯೇ ನಿಂತು, ಮುಗಿಯಿತೇ, ಮುಗಿಯಿತೇ ಎಂದಳು.

ಆ ಸಾಲನ್ನು ಬರೆದೆ. “ಬೀಗ ಹಾಕಿದ್ದು ನಾನು. ಅವನಲ್ಲ.” ನಿಮಗೆ ಬೇಡವಾಗಿದ್ದರೆ ಕೂಡಲೇ ಬೇಡ ಎನ್ನುತ್ತಿದ್ದಿರಿ, ಸುಮ್ಮನಿದ್ದೀರಿ ಎಂದರೆ ನಿಮಗೂ ಅದು ಇರಲಿ ಅನಿಸಿರಬೇಕು ಎಂದುಕೊಂಡೆ. ಕಳಿಸಿದ ಮೇಲಿಂದ ಒಂದೇ ಕಡೆ ಕೂರಲಾಗುತ್ತಿಲ್ಲ. ನಾನು ತಿಳಿದದ್ದು ಸರಿ ತಾನೆ?

ಸಬ್‌ಟೈಟಲ್‌ನವಳು


ಏಪ್ರಿಲ್ 19, 1994

ಮೇಡಂ,

ನಿಮ್ಮ ಪತ್ರ ಈಗ ಬಂತು. ನನ್ನದು ನಿಮಗೆ ಆಗಲೇ ತಲುಪಿರಬೇಕು. ಏನು ಮಾಡಿಬಿಟ್ಟಿರಿ!

ಆ ದನಿ ನನ್ನ ಅಮ್ಮನದು.

ಅವಳ ತಲೆ ಸರಿಯಾಗೇ ಇದೆ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಸರಿಯಿರುವುದು ಅವಳದೇ. ಆ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಮೇಲ್ವಿಚಾರಕಿಯಾಗಿದ್ದಳು. ಓವರ್‌ಟೈಮ್ ಅಕ್ಕ ಎಂದು ನೀವು ಕೇಳಿದಿರಲ್ಲ, ಅವಳೇ. ಬೆಂಕಿಯಾದ ಮೇಲೆ ಆ ಹೆಂಗಸರ ಮನೆಗಳಿಗೆ ವಾರಕ್ಕೊಮ್ಮೆ ಹೋಗಿ ಬರುತ್ತಾಳೆ. ನನ್ನನ್ನು ಅವರ ಮನೆಯೊಳಗೆ ಬಿಟ್ಟುಕೊಂಡದ್ದೇ ಅವಳ ಮುಖ ನೋಡಿ. ಆ ದಿನ ಶೂಟಿಂಗಿಗೂ ಜೊತೆಗೆ ಬಂದು, ತಲೆನೋವೆಂದು ಒಳಗೆ ಮಲಗಿದ್ದಳು.

ನನ್ನ ಕಿವಿಯಲ್ಲಿ ಹೆಡ್‌ಫೋನ್ ಇತ್ತು. ಎರಡು ಮಾತೂ ಕೇಳಿಸಿದವು. ಧ್ವನಿಮುದ್ರಣದವರು, “ಒಳಗೆ ಯಾರೋ ಏನೋ ಅಂದ್ರು, ಇನ್ನೊಂದ್ಸಲ ತೆಗೆಯೋಣ್ವಾ?” ಎಂದರು. “ಬೇಡ, ನಡೀಲಿ” ಎಂದೆ. ಟೈಲರಮ್ಮ ಮತ್ತೆ ಆ ಕಥೆ ಬಾಯಿಬಿಟ್ಟು ಹೇಳುವವಳಲ್ಲ, ಅದೊಂದೇ ಟೇಕ್.

ಅಮ್ಮನನ್ನು ಕೇಳಿಲ್ಲ. ಎಂಟು ತಿಂಗಳಾಯಿತು, ಒಂದೇ ಮನೆ, ಒಂದೇ ಮೇಜಿನ ಮೇಲೆ ಊಟ. ಅವಳು “ಉಪ್ಪು ಸರಿಯಿದೆಯಾ?” ಅನ್ನುತ್ತಾಳೆ, ನಾನು “ಹೂಂ” ಅನ್ನುತ್ತೇನೆ. ಅವಳಿಗೆ ಅರವತ್ಮೂರು. ಬಿ.ಪಿ. ಮಾತ್ರೆ ನುಂಗುತ್ತಾಳೆ. ಆ ಒಂದು ಸಾಲು ಪರದೆಯ ಮೇಲೆ ಬಂದರೆ ಅವಳನ್ನು ಎಲ್ಲಿಗೆ ಎಳೆದುಕೊಂಡು ಹೋಗುತ್ತಾರೋ. ನಿಮ್ಮ ಕಾಲಿಗೆ ಬೀಳುತ್ತೇನೆ. ಕಚೇರಿಗೆ ಹೋಗಿ ಆ ಸಾಲು ತೆಗೆಸಿ. ತಪ್ಪು ಕೇಳಿಸಿತ್ತು ಎಂದುಬಿಡಿ.


ಏಪ್ರಿಲ್ 28, 1994

ಪ್ರಿಯ ತಂಗಿ,

ಹೀಗೆ ಕರೆಯಬಹುದೇ? ನನಗೆ ಐವತ್ತೆಂಟು. ಇಷ್ಟೆಲ್ಲ ಆದ ಮೇಲೂ ‘ನಿರ್ದೇಶಕಿಯವರೇ’ ಅನ್ನಲು ಬಾಯಿ ಬರುತ್ತಿಲ್ಲ.

ನಿನ್ನ ಪತ್ರ ಬಂದ ದಿನವೇ ಕಚೇರಿಗೆ ಓಡಿದೆ. ತೀರ್ಪುಗಾರರ ಹನ್ನೊಂದು ಪ್ರತಿಗಳು ಹೊರಟುಹೋಗಿವೆ. ಅವು ಹೋದವೇ. ನಿನ್ನ ಹೊಸ ಕ್ಯಾಸೆಟ್ ತಡವಾಗಿ ಬಂತು, ನನ್ನ ಮೇಜಿನಲ್ಲೇ ಇದೆ. ಜನರ ಮುಂದೆ ತೋರಿಸುವ ಪ್ರತಿಯನ್ನು ಮೇ 25ರವರೆಗೆ ತಿದ್ದಬಹುದು. ನೀನು ಹೇಳಿದ ಹಾಗೆ ಮಾಡುತ್ತೇನೆ. ಅದಕ್ಕೆ ಮೊದಲು ಒಂದು ವಿಷಯ ಕೇಳು. ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ.

ಈ ಊರಿಗೆ ಬಂದ ಹೊಸತರಲ್ಲಿ ನಾನು ನ್ಯಾಯಾಲಯದಲ್ಲಿ ದುಭಾಷಿಯಾಗಿದ್ದೆ. ನಮ್ಮ ಕಡೆಯ ಹಡಗಿನ ಕೂಲಿಯೊಬ್ಬ ಜಗಳದಲ್ಲಿ ಸಿಕ್ಕಿಬಿದ್ದಿದ್ದ. “ಹೊಡೆದೆಯಾ?” ಎಂದು ಕೇಳಿದರು. ಅವನು “ಹೊಡೆದಿರಬಹುದು” ಎಂದ. ನಾನು “ಹೊಡೆದೆ” ಎಂದೆ. ಮಧ್ಯಾಹ್ನದ ಹೊತ್ತು, ಬೆಳಿಗ್ಗೆಯಿಂದ ಏಳು ಜನರ ಮಾತು ಹೇಳಿ ನಾಲಿಗೆ ಒಣಗಿತ್ತು. ‘ಇರಬಹುದು’ ನನ್ನ ಬಾಯಲ್ಲೇ ಉಳಿಯಿತು. ಅವನಿಗೆ ಮೂರು ವರ್ಷ ಜೈಲಾಯಿತು. ತಪ್ಪು ಯಾರಿಗೂ ಗೊತ್ತಾಗಲಿಲ್ಲ, ಅವನಿಗೂ. ನನಗೆ ಮನೆಗೆ ಹೋಗುವ ಬಸ್ಸಿನಲ್ಲಿ ಗೊತ್ತಾಯಿತು. ಹಿಂದಿರುಗಿ ಹೋಗಿ ಹೇಳಲಿಲ್ಲ. ಮಾರನೆಯ ವಾರ ಕೆಲಸ ಬಿಟ್ಟೆ, ಅಷ್ಟೇ.

ಅದಕ್ಕೇ ಆಮೇಲಿಂದ ಒಂದು ಮಾತನ್ನೂ ಬಿಡುವುದಿಲ್ಲ ಎಂದು ಹಟ ಹಿಡಿದೆ. ಈಗ ನೋಡಿದರೆ ಅದೇ ತಪ್ಪನ್ನು ಮತ್ತೆ ಮಾಡಿದೆನೋ ಏನೋ. ಹಾಕಿದ್ದು, ಹಾಕ್ಸಿದ್ದು. ನಲವತ್ತು ಸಲ ಕೇಳಿದೆ. ಕಾಳು ಬೀಳುವ ಸದ್ದಿನಲ್ಲಿ ಆ ಒಂದು ಅಕ್ಷರ ಇದೆಯೋ ಇಲ್ಲವೋ ದೇವರಾಣೆಗೂ ಹೇಳಲಾರೆ. ಹಾಕಿಸಿದ್ದಾದರೆ ಬೀಗ ತಿರುಗಿಸಿದ ಕೈ ಆ ಕಾವಲುಗಾರನದೇ ಆಗಿರಬಹುದು, ‘ಅವನಲ್ಲ’ ಎಂದದ್ದು ಇನ್ಯಾರನ್ನೋ ಇರಬಹುದು. ನೀನು ಹಾಗೆ ಆಸೆ ಇಟ್ಟುಕೊಂಡಿದ್ದೀಯ ಎಂದು ಗೊತ್ತಾಗುತ್ತದೆ. ಅಷ್ಟು ಸೂಕ್ಷ್ಮ ಕಿವಿಗೆ ಬೀಳಬೇಕಾದರೆ ನೀನೂ ನನ್ನಷ್ಟೇ ಸಲ ಕೇಳಿರಬೇಕು.

ಒಂದು ಮಾತು ಹೇಳಿಬಿಡುತ್ತೇನೆ, ಕೋಪ ಮಾಡಿಕೊಳ್ಳಬೇಡ. ಎಡಿಟಿಂಗಿನಲ್ಲಿ ಅದನ್ನು ತೆಗೆಯಬಹುದಿತ್ತು. ಧ್ವನಿ ಸೇರಿಸುವಾಗ ಅದರ ಮೇಲೆ ಒಂದು ಬಸ್ ಓಡಿಸಬಹುದಿತ್ತು. ಎರಡೂ ಕಡೆ ನೀನು ಬಿಟ್ಟೆ. ಯಾರಾದರೂ ಕೇಳಿಸಿಕೊಳ್ಳಲಿ ಎಂದು ಬಿಟ್ಟೆಯಾ?

ಅಮ್ಮನನ್ನು ಕೇಳು. ಕ್ಯಾಸೆಟ್ ಕೇಳಿ ಪ್ರಯೋಜನವಿಲ್ಲ.

ಅಕ್ಕ


ಮೇ 9, 1994

ಅಕ್ಕ,

ನಿಮ್ಮ ಪತ್ರ ಓದಿ ಮೂರು ದಿನ ಕೋಪ ಮಾಡಿಕೊಂಡೆ. ನಾಲ್ಕನೆಯ ದಿನ ಕೇಳಿದೆ.

ಬೆಳಿಗ್ಗೆ ಅಮ್ಮ ಉತ್ಸವಕ್ಕೆಂದು ನನ್ನ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, “ಅಮ್ಮ, ಬೀಗ ಹಾಕಿದ್ದಾ, ಹಾಕ್ಸಿದ್ದಾ?” ಎಂದೆ. ಮುನ್ನುಡಿ ಇಲ್ಲ, ಏನಿಲ್ಲ. ಎಂಟು ತಿಂಗಳು ಬಾಯಲ್ಲಿಟ್ಟುಕೊಂಡದ್ದು ಹಾಗೇ ಬಿದ್ದುಹೋಯಿತು.

ಅವಳು ಇಸ್ತ್ರಿಪೆಟ್ಟಿಗೆ ನೇರವಾಗಿ ನಿಲ್ಲಿಸಿದಳು. ತಂತಿ ಕಿತ್ತಳು. “ಅಂತೂ ಕೇಳ್ದೆ” ಎಂದಳು.

“ಬಟ್ಟೆ ಕಳುವಾಗ್ತಿದೆ, ಹಿಂಬಾಗ್ಲಿಗೆ ಬೀಗ ಹಾಕ್ಸಿ ಅಂತ ಮ್ಯಾನೇಜರ್ ಅಂದ್ರು. ಗೇಟಿನವನನ್ನ ನೋಡ್ದೆ, ಲಾರಿ ಹತ್ರ ಇದ್ದ. ಕೀ ಅವನ ಗೂಟದಲ್ಲಿ ನೇತಾಡ್ತಿತ್ತು. ಅವನನ್ನ ಯಾಕೆ ಕರೀಲಿ ಅಂತ ನಾನೇ ತಗೊಂಡೆ, ನಾನೇ ಹಾಕ್ದೆ. ಸರಿಯಾಗಿ ಬಿತ್ತಾ ಅಂತ ಎಳೆದೂ ನೋಡ್ದೆ. ಆಮೇಲೆ ರಿಜಿಸ್ಟರ್ ಹಿಡ್ಕೊಂಡು ಆಫೀಸಿಗೆ ಹೋದೆ. ಕೀ ಅಲ್ಲೇ ಮೇಜಿನ ಮೇಲಿಟ್ಟೆ. ಹೊಗೆ ಬಂದಾಗ ಎಲ್ಲರ ಜೊತೆ ಓಡ್ದೆ ಕಣೇ, ಕೀ ಅಲ್ಲೇ ಬಿಟ್ಟು ಓಡ್ದೆ.”

“ವಿಚಾರಣೆಯಲ್ಲಿ ಯಾಕೆ ಹೇಳ್ಲಿಲ್ಲ?”

“ಬೆಂಕಿ ಆರಿದ್ಮೇಲೆ ಹೋಗಿ ನೋಡಿದ್ರೆ ಕೀ ಮತ್ತೆ ಅವನ ಗೂಟದಲ್ಲಿತ್ತು. ಮ್ಯಾನೇಜರ್ ನನ್ನ ಮುಖ ನೋಡಿದ್ರು. ನಾನು ನೆಲ ನೋಡ್ದೆ. ನಿನಗಾಗ ಪರೀಕ್ಷೆ. ನಿನ್ನ ನೆಪ ಇಟ್ಕೊಂಡೆ. ಆಮೇಲೆ ನಿನ್ನ ಕೆಲಸದ ನೆಪ. ಮ್ಯಾನೇಜರ್ ಸತ್ತು ಆರು ವರ್ಷ ಆಯ್ತು. ಈಗ ನೆಪ ಯಾವುದೂ ಉಳಿದಿಲ್ಲ.”

ಟೈಲರಮ್ಮನಿಗೆ ಹೋದ ವರ್ಷವೇ ಹೇಳಿದಳಂತೆ. ಆಕೆ ಎರಡು ವಾರ ಬಾಗಿಲು ತೆಗೆಯಲಿಲ್ಲವಂತೆ. ಮೂರನೆಯ ವಾರ ತೆಗೆದಳಂತೆ.

ನಾನು, “ಶೂಟಿಂಗ್ ದಿನ ಬಾಯಿ ತಪ್ಪಿ ಬಂತಾ?” ಎಂದೆ. ಅಮ್ಮ ನನ್ನನ್ನೇ ನೋಡಿದಳು. “ಬಾಯಿ ತಪ್ಪೋಕೆ ನಾನೇನು ಮಗುವಾ? ಮೈಕ್ ಆನ್ ಇದೆ ಅಂತ ಗೊತ್ತಿತ್ತು. ನಿನ್ನ ಕಿವಿಯಲ್ಲಿ ಅದು ಇತ್ತಲ್ಲ. ನಿನಗೆ ಕೇಳ್ಲಿ ಅಂತಾನೇ ಹೇಳಿದ್ದು. ಎದುರು ನಿಂತು ಹೇಳೋಕೆ ಧೈರ್ಯ ಇರ್ಲಿಲ್ಲ. ನೀನು ಕೇಳಿಸ್ಕೊಂಡೂ ಸುಮ್ನಾದೆ. ಮಗಳಿಗೂ ಇದು ಬೇಡ ಅನ್ಸುತ್ತೆ ಅಂದ್ಕೊಂಡೆ.”

ನಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ ಅಕ್ಕ. ಅವಳು ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

ನಿಮ್ಮ ಬಗ್ಗೆ, ಆ ಸಾಲಿನ ಬಗ್ಗೆ ಹೇಳಿದೆ. “ಪರದೇಶದವರು ಓದೋ ಮೊದ್ಲು ಅವನಿಗೆ ಗೊತ್ತಾಗ್ಬೇಕು” ಎಂದಳು. ಕಾವಲುಗಾರ ಎಲ್ಲಿದ್ದಾರೆಂದು ಅವಳಿಗೆ ಮೊದಲಿಂದಲೂ ಗೊತ್ತು. ಚಿತ್ರಕ್ಕಾಗಿ ನಾನು ಅವರನ್ನು ಹುಡುಕುತ್ತಿದ್ದಾಗ ಮಾತ್ರ ಗೊತ್ತಿಲ್ಲ ಎಂದಿದ್ದಳು. ಅವಳು ಹೋಗಿ ಬರುವವರೆಗೆ ಸಾಲನ್ನು ಇಡಲೂ ಬೇಡಿ, ತೆಗೆಯಲೂ ಬೇಡಿ.


ಮೇ 15, 1994

ತಂಗಿ,

ನಿನ್ನಿಂದ ಇನ್ನೂ ಏನೂ ಬಂದಿಲ್ಲ. ‘ಏಳನೇ ಸಾಲು’ ಕೊನೆಯ ಸುತ್ತಿಗೆ ಆಯ್ಕೆಯಾಗಿದೆ. ಈ ಸುದ್ದಿಯನ್ನು ಕುಣಿಯುತ್ತಾ ಬರೆಯಬೇಕಿತ್ತು.

ನಿನ್ನೆ ನನ್ನನ್ನು ಕರೆಸಿದ್ದರು. ತೀರ್ಪುಗಾರರಲ್ಲೊಬ್ಬರು ಮೊದಲು ವಕೀಲರಾಗಿದ್ದವರು. ಮೂವತ್ತೊಂದನೇ ನಿಮಿಷದ ಆ ಸಾಲು ಯಾರ ಮಾತು, ಖಚಿತವೇ, ಪರಿಶೀಲಿಸಿದವರು ಯಾರು ಎಂದು ಕೇಳಿದರು. ನನ್ನ ಬಾಯಿಂದ “ಇರಬಹುದು” ಎಂದು ಬಂತು. ಹೇಳುತ್ತಲೇ ನಾಲಿಗೆ ಕಚ್ಚಿಕೊಂಡೆ. ಖಚಿತವಿಲ್ಲದಿದ್ದರೆ ಚಿತ್ರವನ್ನೇ ಸ್ಪರ್ಧೆಯಿಂದ ಬಿಡಬೇಕಾದೀತು ಎಂದರು.

ಪತ್ರಕ್ಕೆ ಸಮಯವಿಲ್ಲ. ತಂತಿ ಕೊಡು. ಹಾಕಿದ್ದು, ಹಾಕ್ಸಿದ್ದು, ಇಲ್ಲವೇ ತೆಗೆ. ಒಂದೇ ಪದ ಸಾಕು. ನಿನ್ನ ಅಮ್ಮ ಹೇಗಿದ್ದಾರೆ? ಅವರಿಗೆ ಏನಾದರೂ ಆಗಿ ನೀನು ಬರೆಯುತ್ತಿಲ್ಲವೇ?

ಅಕ್ಕ


ತಂತಿ. ಮೇ 23, 1994

ಹಾಕಿದ್ದು. ಸಾಲು ಇರಲಿ. ಅಮ್ಮ ಕ್ಷೇಮ. ಪತ್ರ ಬರುತ್ತಿದೆ.


ಮೇ 24, 1994

ಅಕ್ಕ,

ನಿನ್ನೆ ಹೋದೆವು. ಅದಕ್ಕೆ ಮೊದಲು ಎರಡು ಸಲ ಹೊರಟು, ಒಂದು ನಿಲ್ದಾಣ ಮೊದಲೇ ಬಸ್ಸಿಳಿದು ವಾಪಸ್ ಬಂದಿದ್ದೆವು. ಎರಡನೆಯ ಸಲ ಅಮ್ಮ ಅಲ್ಲೇ ಒಂದು ಅಂಗಡಿಯಲ್ಲಿ ಸೋಪು ಕೊಂಡಳು, ಅದಕ್ಕೇ ಬಂದವಳ ಹಾಗೆ.

ಕಾವಲುಗಾರ ಈಗ ರೈಲ್ವೆ ಸ್ಟೇಷನ್ ಪಕ್ಕದಲ್ಲಿ ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳುತ್ತಾರೆ. ಹೆಂಡತಿ ಆಚೆ ಸೈಕಲ್ ಜೋಡಿಸುತ್ತಿದ್ದರು. ತಗಡಿನ ಗೂಡಿನಲ್ಲಿ ಕೂತಿದ್ದ ಅವರು ತಲೆ ಎತ್ತದೆ, “ಗಾಡಿ ಎಲ್ಲಿ?” ಎಂದರು.

“ಗಾಡಿ ಇಲ್ಲ” ಎಂದಳು ಅಮ್ಮ. “ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು.”

ಆಗ ಗುರುತು ಹಿಡಿದರು. ಹದಿನಾಲ್ಕು ವರ್ಷ ಅವರನ್ನು ಏಕವಚನದಲ್ಲಿ ಕೂಗುತ್ತಿದ್ದವಳು ‘ನೀವು’ ಎಂದದ್ದಕ್ಕೋ ಏನೋ, ಎದ್ದು ನಿಂತರು. ಅಮ್ಮ ಹೇಳಿದಳು. ನನಗೆ ಹೇಳಿದ ಹಾಗೆಯೇ ಲಾರಿ, ಗೂಟ, ಮೇಜು, ಎಲ್ಲ ಹೇಳಿದಳು. ಮಧ್ಯೆ ಒಂದು ರೈಲು ಬಂತು. ಅದು ಹೋಗುವವರೆಗೆ ಕಾದು, ನಿಲ್ಲಿಸಿದ ಮಾತನ್ನೇ ಮತ್ತೆ ಹಿಡಿದಳು.

ಬೈಯುತ್ತಾರೆ, ಹೊಡೆಯಲೂ ಬರಬಹುದು ಎಂದು ನಾನು ಅಡ್ಡ ನಿಲ್ಲಲು ತಯಾರಾಗಿದ್ದೆ. ಅವರು ಮಾಡಿದ್ದು ಒಂದೇ. “ಇನ್ನೊಂದ್ಸಲ ಹೇಳಿ” ಎಂದರು.

“ಬೀಗ ಹಾಕಿದ್ದು ನಾನು.”

“ನಾನಲ್ಲ?”

“ನೀವಲ್ಲ.”

ಹೆಂಡತಿಯನ್ನು ಕರೆದರು. “ಬಾರೇ ಇಲ್ಲಿ. ಇವ್ರು ಏನೋ ಹೇಳ್ತಾರೆ, ಕೇಳು.” ಅಮ್ಮ ಮತ್ತೊಮ್ಮೆ ಹೇಳಿದಳು. ಆ ಹೆಂಗಸು ಕೂಗಾಡಿದರು, ಅಳುತ್ತಾ ಅಮ್ಮನ ಭುಜ ಹಿಡಿದು ಅಲ್ಲಾಡಿಸಿದರು. ಅಮ್ಮ ಬಿಡಿಸಿಕೊಳ್ಳಲಿಲ್ಲ. ಕಾವಲುಗಾರ ಮಾತ್ರ ಸ್ಟೂಲಿನ ಮೇಲೆ ಕೂತು, “ನಾನೇ ಹಾಕಿರ್ಬೇಕು ಅಂದ್ಕೊಂಡಿದ್ದೆ” ಎಂದರು. “ಎಲ್ಲರೂ ನೀನೇ ನೀನೇ ಅಂತ ಹೇಳಿ ಹೇಳಿ, ಲಾರಿಗೆ ಹೋಗೋ ಮೊದ್ಲು ಹಾಕಿ ಮರ್ತುಬಿಟ್ನಾ ಅಂತ. ಹನ್ನೊಂದು ವರ್ಷ ದಿನಾ ಎದ್ದ ಕೂಡ್ಲೇ ಅದೇ ಯೋಚನೆ. ಒಂದೊಂದ್ಸಲ ಕೀ ತಿರುಗ್ಸಿದ್ದೂ ನೆನಪಿಗೆ ಬರ್ತಿತ್ತು. ಆ ಒಂಬತ್ತು ಜನ ನನ್ನ ಕಣ್ಮುಂದೆ...”

ಜೈಲು ನಾಲ್ಕು ವರ್ಷಕ್ಕೆ ಮುಗಿದಿತ್ತು, ಇದು ಮುಗಿದಿರಲಿಲ್ಲ. ಇದನ್ನು ನಾನು ಚಿತ್ರದಲ್ಲಿ ತರಲೇ ಇಲ್ಲ. ನನಗೆ ಗೊತ್ತೇ ಇರಲಿಲ್ಲ.

ಹೊರಡುವಾಗ ಅವರು, “ಬಾಯಲ್ಲಿ ಹೇಳಿದ್ರೆ ಆಗಲ್ಲ. ಬರೆದು ಕೊಡ್ಬೇಕು, ಕೋರ್ಟಿನಲ್ಲಿ” ಎಂದರು. ಅಮ್ಮ “ಬರ್ತೀನಿ” ಎಂದಳು. ವಕೀಲರನ್ನು ನೋಡಿದ್ದಾಯಿತು. ಹೇಳಿಕೆಗೆ ಜೂನ್ 10 ಎಂದಿದ್ದಾರೆ. ಉತ್ಸವದಲ್ಲಿ ನಮ್ಮ ಚಿತ್ರ ಇರುವುದೂ ಅಂದೇ ತಾನೆ? ನಾನು ಬರುವುದಿಲ್ಲ ಅಕ್ಕ. ನನ್ನ ಕುರ್ಚಿಯಲ್ಲಿ ನೀವೇ ಕೂತುಕೊಳ್ಳಿ. ಈಗ ಕೇಂದ್ರದ ಮುಖ್ಯಸ್ಥರಿಗೆ ಹೇಳಬೇಕು.


ಜೂನ್ 12, 1994

ತಂಗಿ,

ಮೊದಲು ಕೆಟ್ಟ ಸುದ್ದಿ. ಬಹುಮಾನ ಬರಲಿಲ್ಲ. ಮಕ್ಕಳ ವಿಜ್ಞಾನದ ಒಂದು ಸರಣಿಗೆ ಹೋಯಿತು. ಆ ಮಾಜಿ ವಕೀಲರು ನನ್ನನ್ನು ಪಕ್ಕಕ್ಕೆ ಕರೆದು ಸುತ್ತಿ ಬಳಸಿ ಹೇಳಿದ್ದು ಇಷ್ಟು: ನ್ಯಾಯಾಲಯದ ಮುಂದಿರುವ ವಿಷಯ, ಉತ್ಸವ ಅದರಲ್ಲಿ ತಲೆ ಹಾಕಲಾಗದು. ಆ ಸಾಲು ಇರದಿದ್ದರೆ? ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ನಿನ್ನ ವಿಭಾಗ ಮುಚ್ಚಿದರೆ ಅದಕ್ಕೆ ನಾನೇ ಕಾರಣ ಎಂದು ಎರಡು ದಿನದಿಂದ ಒಳಗೇ ಕೊರಗುತ್ತಿದ್ದೇನೆ.

ಪ್ರದರ್ಶನಕ್ಕೆ ಆರುನೂರು ಜನ. ನಿನ್ನ ಕುರ್ಚಿ ಮುಂದಿನ ಸಾಲಿನಲ್ಲಿತ್ತು, ಆದರೆ ನಾನು ಹಿಂದೆ ಗೋಡೆಗೊರಗಿ ನಿಂತೆ. ನನಗೆ ಪರದೆ ಬೇಕಿರಲಿಲ್ಲ, ಜನ ಬೇಕಿತ್ತು. ಮೂವತ್ತೊಂದನೇ ನಿಮಿಷಕ್ಕೆ ಕೆಮ್ಮು ನಿಂತಿತು. ಆರುನೂರು ತಲೆಗಳು ಒಟ್ಟಿಗೆ ಸ್ವಲ್ಪ ಮುಂದಕ್ಕೆ ಬಾಗಿದವು. ಅಷ್ಟೇ, ಮತ್ತೇನೂ ಆಗಲಿಲ್ಲ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಕೊನೆಗೆ ನನ್ನನ್ನು ವೇದಿಕೆಗೆ ಕರೆದರು. ಯಾರೋ ಎದ್ದು, ಆ ಅನುವಾದ ಖಚಿತವೇ ಎಂದರು. “ಖಚಿತ” ಎಂದೆ. “ಹೇಳಿದವರನ್ನೇ ಕೇಳಿ ತಿಳಿದುಕೊಂಡಿದ್ದೇವೆ.” ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಅಷ್ಟು ನೆಟ್ಟಗೆ ನಿಂತು ಮಾತಾಡಿ.

ಆ ಹೊತ್ತಿಗೆ ನಿಮ್ಮಲ್ಲಿ ಹೇಳಿಕೆ ಮುಗಿದಿರಬೇಕು. ನಿನ್ನ ಅಮ್ಮನಿಗೆ ಏನಾಯಿತು? ಇವತ್ತೇ ಬರೆ.

ಅಕ್ಕ


ಜೂನ್ 27, 1994

ಅಕ್ಕ,

ಬಹುಮಾನದ ವಿಷಯಕ್ಕೆ ಕೊರಗಬೇಡಿ. ಮುಖ್ಯಸ್ಥರು ಒಂದು ವಾರ ಮುಖ ಊದಿಸಿಕೊಂಡಿದ್ದರು. ಆಮೇಲೆ ಅವರೇ ಬಂದು, “ಇಲ್ಲೂ ತೋರಿಸೋಣ, ಏನೂ ಕತ್ತರಿಸ್ಬೇಡಿ” ಎಂದರು. ವಿಭಾಗ ಇರುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಅಮ್ಮನ ಹೇಳಿಕೆ ನಲವತ್ತು ನಿಮಿಷ ನಡೆಯಿತು. ಬರೆದುಕೊಳ್ಳುವವರು ಒಂದು ಕಡೆ ‘ಹಾಕಿಸಿದೆನು’ ಎಂದು ಬರೆದಿದ್ದರು. ಓದಿ ಹೇಳಿದಾಗ ಅಮ್ಮ ತಡೆದು ತಿದ್ದಿಸಿದಳು. ಕಾವಲುಗಾರ ಮೂಲೆಯ ಬೆಂಚಿನಲ್ಲಿದ್ದರು. ಪ್ರಕರಣವನ್ನು ಮತ್ತೆ ತೆರೆಯುತ್ತಾರೆ. ಅವರ ಹೆಸರಿನ ಮೇಲಿನ ತೀರ್ಪು ಹೋಗುತ್ತದೆ ಎಂದು ವಕೀಲರಿಗೆ ಭರವಸೆಯಿದೆ. ಅಮ್ಮನ ವಿಚಾರಣೆ ಆಗಸ್ಟ್‌ನಲ್ಲಿ. ವಯಸ್ಸು ನೋಡಿ ಕಡಿಮೆ ಮಾಡಬಹುದು, ಆದರೆ ಒಳಗೆ ಹೋಗದೆ ಇರಲಾಗದು ಎಂದಿದ್ದಾರೆ. ಅದನ್ನು ಕೇಳಿದಾಗಿನಿಂದ ಅಮ್ಮ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಏಳುತ್ತಾಳೆ. ಒಪ್ಪಿಕೊಂಡ ಮೇಲೆ ಭಯ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗೇನಿಲ್ಲ. “ಒಳಗೆ ಹೇಗಿರುತ್ತೋ” ಎಂದು ಒಂದೇ ಸಮ ಕೇಳುತ್ತಾಳೆ. ನನಗೇನು ಗೊತ್ತು?

ನಿನ್ನೆ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಕಾವಲುಗಾರ. ಒಳಗೆ ಕರೆದೆ. ಕುರ್ಚಿಯ ಅಂಚಿನಲ್ಲಿ ಕೂತರು. ಟೀ ಬೇಡ ಎಂದರು. ಅಮ್ಮ ಬಂದು ಗೋಡೆಯ ಹತ್ತಿರ ನಿಂತಳು.

“ಬೆಳಿಗ್ಗೆ ಐದಕ್ಕೆ ಎಬ್ಬಿಸ್ತಾರೆ” ಎಂದರು ನೆಲ ನೋಡುತ್ತಾ. “ಎದ್ದ ತಕ್ಷಣ ನಲ್ಲಿ ಹತ್ರ ಹೋಗ್ಬೇಕು, ತಡ ಆದ್ರೆ ನೀರು ನಿಂತೋಗುತ್ತೆ. ಹೊದಿಕೆ ಎರಡು ತಗೊಂಡು ಹೋಗಿ, ಒಂದು ಕೆಳಗೆ ಹಾಸೋಕೆ. ನೆಲ ತುಂಬಾ ತಣ್ಣಗಿರುತ್ತೆ. ಮಾತ್ರೆಗೆ ಡಾಕ್ಟರ ಚೀಟಿ ಇರ್ಬೇಕು, ಇಲ್ಲಾಂದ್ರೆ ಕಿತ್ಕೊಳ್ತಾರೆ. ಹೊಲಿಗೆ ಬರುತ್ತೆ ಅಂತ ಮೊದಲ್ನೇ ದಿನಾನೇ ಹೇಳಿ. ಹೊಲಿಗೆ ಕೋಣೆಯಲ್ಲಿ ಕಿಟಕಿ ಇರುತ್ತಂತೆ.”

ಅಮ್ಮ ಒಂದು ಹಾಳೆ ತಂದು ಬರೆದುಕೊಂಡಳು. “ಚೀಟಿ ಒಂದೇ ಸಾಕಾ?” ಎಂದಳು. “ಎರಡು ಪ್ರತಿ ಇಟ್ಕೊಳ್ಳಿ” ಎಂದರು.

ಎದ್ದರು. ಅಮ್ಮ ಬಾಗಿಲವರೆಗೆ ಹೋದಳು, ಏನೋ ಹೇಳಲು ಬಾಯಿ ತೆರೆದಳು. ಅವರು ಚಪ್ಪಲಿಗೆ ಕಾಲು ತೂರಿಸುತ್ತಾ, “ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡಿ” ಎಂದರು. “ಗೊತ್ತಿರೋದನ್ನ ಹೇಳ್ದೆ ಇರೋಕೆ ನನ್ನ ಕೈಲಾಗ್ಲಿಲ್ಲ.”